ಹವಾಮಾನ ಬದಲಾವಣೆ ಮತ್ತು ಮಾನವ ಭದ್ರತೆ: ಬಡ ದೇಶಗಳಲ್ಲಿ ಬದುಕು ಮೊದಲು ಕುಸಿಯುವುದು ಎಲ್ಲಿ?

ಪ್ರಶ್ನೆ: ರಾಜ್ಯಶಾಸ್ತ್ರದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಹವಾಮಾನ ಬದಲಾವಣೆಯು ಮಾನವ ಭದ್ರತೆಯ ಮೇಲೆ ಬೀರುವ ಪರಿಣಾಮವನ್ನು ಕುರಿತು ಸ್ನಾತಕೋತ್ತರ ಪದವಿಗಾಗಿ ಪ್ರಬಂಧವೊಂದನ್ನು ಬರೆಯುತ್ತಿದ್ದೇನೆ. ಓದಲು ಕುಳಿತಾಗ ಎರಡು ಬಗೆಯ ಬರಹಗಳು ಎದುರಾಗುತ್ತಿವೆ. ಒಂದು ಬಗೆಯವು ನೇರವಾಗಿ ಯುದ್ಧದ ಮಾತಿಗೆ ಬರುತ್ತವೆ: ಮಳೆ ಕೈಕೊಟ್ಟಿತು, ಬೆಳೆ ಒಣಗಿತು, ಜನ ನಗರಗಳಿಗೆ ಗುಳೆ ಹೊರಟರು, ಅಲ್ಲಿ ಅಸಮಾಧಾನ ಹೊತ್ತಿಕೊಂಡು ಸಂಘರ್ಷವಾಯಿತು ಎಂಬ ಸರಪಳಿಯನ್ನು ಅವು ಹೆಣೆಯುತ್ತವೆ. ಸಿರಿಯಾ ಮತ್ತು ಆಫ್ರಿಕಾದ ಚಾಡ್ ಸರೋವರ ಇದಕ್ಕೆ ಸದಾ ಸಿದ್ಧವಿರುವ ಉದಾಹರಣೆಗಳು. ಇನ್ನೊಂದು ಬಗೆಯವು ಆಹಾರ, ಆರೋಗ್ಯ, ನೀರು, ದುಡಿಮೆ ಎಂದು ಎಲ್ಲವನ್ನೂ ಭದ್ರತೆಯ ಪಟ್ಟಿಗೆ ಸೇರಿಸುತ್ತಾ ಹೋಗಿ, ಕೊನೆಗೆ ಆ ಪದಕ್ಕೇ ಖಚಿತವಾದ ಅರ್ಥ ಉಳಿಯದಂತೆ ಮಾಡುತ್ತವೆ ಎಂದು ನನಗನ್ನಿಸುತ್ತದೆ.

ಹವಾಮಾನದ ಆಘಾತವು ಒಂದು ಕುಟುಂಬದ ಬದುಕನ್ನು ಅಭದ್ರಗೊಳಿಸುವ ದಾರಿ ನಿಜಕ್ಕೂ ಯಾವುದು? ಹೆಚ್ಚುಕಡಿಮೆ ಒಂದೇ ಬಲದ ಚಂಡಮಾರುತ ಒಂದು ದೇಶದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡು, ಇನ್ನೊಂದು ದೇಶದಲ್ಲಿ ಅದರ ಒಂದು ಸಣ್ಣ ಪಾಲಿಗೆ ನಿಲ್ಲುವುದೇಕೆ? ಇದನ್ನು ಭದ್ರತೆಯ ಪ್ರಶ್ನೆ ಎಂದು ಕರೆಯುವುದರಿಂದ ಸಂತ್ರಸ್ತರಿಗೆ ಒಳಿತಾಗುತ್ತದೆಯೋ ಕೆಡುಕಾಗುತ್ತದೆಯೋ? ಈ ವಿಷಯದಲ್ಲಿ ಕೆಲಸ ಮಾಡಿದವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಬಿತ್ತನೆ

ನಿಮ್ಮ ಎರಡನೆಯ ಬಗೆಯ ಬರಹಗಳಿಂದಲೇ ಆರಂಭಿಸುತ್ತೇನೆ. ಮಾನವ ಭದ್ರತೆ ಎಂಬ ಪರಿಕಲ್ಪನೆ ವ್ಯಾಪಕ ಚರ್ಚೆಗೆ ಬಂದದ್ದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1994ರಲ್ಲಿ ಹೊರತಂದ ಮಾನವ ಅಭಿವೃದ್ಧಿ ವರದಿಯ ಮೂಲಕ. ಅದರ ಹಿಂದಿದ್ದ ಮುಖ್ಯ ಚಿಂತಕರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಆರ್ಥಿಕ, ಆಹಾರ, ಆರೋಗ್ಯ, ಪರಿಸರ, ವೈಯಕ್ತಿಕ, ಸಾಮುದಾಯಿಕ ಮತ್ತು ರಾಜಕೀಯ ಎಂದು ಏಳು ಬಗೆಯ ಭದ್ರತೆಗಳನ್ನು ಆ ವರದಿ ಗುರುತಿಸಿತು. ಗಡಿ ಭದ್ರವಾಗಿದೆಯೇ ಎಂದಷ್ಟೇ ಕೇಳುತ್ತಿದ್ದ ಕಾಲದಲ್ಲಿ, ಗಡಿಯೊಳಗಿನ ಮನುಷ್ಯ ನಾಳೆಯ ದಿನವನ್ನು ನೆನೆದು ಹೆದರದೆ ಮಲಗಬಲ್ಲನೇ ಎಂದು ಅದು ಕೇಳಿದ್ದು ದೊಡ್ಡ ಸಂಗತಿ. ಪಟ್ಟಿ ಉದ್ದವಾಯಿತು ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಬಡವರ ಮನೆಯಲ್ಲಿ ಇವುಗಳಲ್ಲಿ ಒಂದು ಜಾರಿದರೆ ಉಳಿದವು ಅದರ ಬೆನ್ನಿಗೇ ಜಾರುತ್ತವೆ. ಅವುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಏನಾಯಿತೆಂದೇ ತಿಳಿಯುವುದಿಲ್ಲ.

ಆಫ್ರಿಕಾದ ಕೊಂಬು ಎಂದು ಕರೆಯುವ ಪ್ರದೇಶವನ್ನು ತೆಗೆದುಕೊಳ್ಳಿ. ಒಂದು ಋತುವಿನ ಮಳೆ ತಪ್ಪಿದ ಮಾತ್ರಕ್ಕೆ ಸೊಮಾಲಿಯಾದ ಪಶುಪಾಲಕ ಕುಟುಂಬ ಉಪವಾಸ ಬೀಳುವುದಿಲ್ಲ. ಮೊದಲು ಮೇವು ಅರಸಿ ಹೆಚ್ಚು ದೂರ ನಡೆಯುತ್ತದೆ. ಎರಡನೆಯ ಋತುವೂ ತಪ್ಪಿದಾಗ ಮೇಕೆಗಳನ್ನು ಮಾರಲು ಹೊರಡುತ್ತದೆ. ಆದರೆ ಸುತ್ತಲಿನ ಎಲ್ಲ ಕುಟುಂಬಗಳೂ ಅದೇ ಹೊತ್ತಿನಲ್ಲಿ ತಮ್ಮ ಬಡಕಲು ಮೇಕೆಗಳನ್ನು ಸಂತೆಗೆ ಹೊಡೆದುಕೊಂಡು ಬಂದಿರುವುದರಿಂದ ಮೇಕೆಯ ಬೆಲೆ ನೆಲ ಕಚ್ಚುತ್ತದೆ, ಬೆಳೆ ಒಣಗಿರುವುದರಿಂದ ಧಾನ್ಯದ ಬೆಲೆ ಏರುತ್ತದೆ. ಒಂದು ಮೇಕೆ ಮಾರಿದರೆ ಬರುತ್ತಿದ್ದ ಕಾಳು ಅರ್ಧಕ್ಕಿಳಿಯುತ್ತದೆ, ಮತ್ತೆ ಕಾಲುಭಾಗಕ್ಕಿಳಿಯುತ್ತದೆ. ಸಂತೆಯಲ್ಲಿ ಕಾಳು ಇರುತ್ತದೆ, ಕೊಳ್ಳುವ ಶಕ್ತಿ ಇರುವುದಿಲ್ಲ. ಕ್ಷಾಮವೆಂದರೆ ಆಹಾರವಿಲ್ಲದಿರುವುದಕ್ಕಿಂತ ಹೆಚ್ಚಾಗಿ ಅದನ್ನು ಪಡೆಯುವ ಹಕ್ಕು ಕೈತಪ್ಪುವುದು ಎಂದು ಅಮರ್ತ್ಯ ಸೇನ್ ವಿವರಿಸಿದ್ದು ಇದನ್ನೇ. ಮೂರನೆಯ ಋತುವಿನಲ್ಲಿ ಹಾಲು ಕೊಡುವ, ಮರಿ ಹಾಕುವ ಹೆಣ್ಣು ಪ್ರಾಣಿಗಳೂ ಹೋಗುತ್ತವೆ. ನನ್ನ ದೃಷ್ಟಿಯಲ್ಲಿ ಆ ಕುಟುಂಬದ ಭದ್ರತೆ ಮುರಿದುಬೀಳುವ ದಿನ ಅದೇ, ಏಕೆಂದರೆ ಅಲ್ಲಿಂದ ಮುಂದೆ ಮಳೆ ಮರಳಿ ಬಂದರೂ ಹಿಂಡು ಮರಳಿ ಬರುವುದಿಲ್ಲ.

2020ರ ಕೊನೆಯಿಂದ 2022ರ ಕೊನೆಯವರೆಗೆ ಆ ಪ್ರದೇಶದಲ್ಲಿ ಸತತವಾಗಿ ಐದು ಮಳೆಗಾಲಗಳು ವಿಫಲವಾದವು. ಭೂಮಿಯ ತಾಪ ಏರಿದಂತೆ ನೆಲದ ತೇವ ಬೇಗ ಆರಿಹೋಗುವುದರಿಂದ, ಮಳೆಯ ಕೊರತೆ ಹಿಂದಿನಷ್ಟೇ ಇದ್ದರೂ ಬರ ಹಿಂದಿಗಿಂತ ಕ್ರೂರವಾಗುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. ಅದೇ 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ, ಸೊಮಾಲಿಯಾಕ್ಕೆ ಗೋಧಿ ಬರುತ್ತಿದ್ದ ಮುಖ್ಯ ದಾರಿಯೇ ಕಟ್ಟಿಕೊಂಡಿತು. ದುರ್ಭಿಕ್ಷದಲ್ಲಿ ಅಧಿಕಮಾಸ ಎನ್ನುವ ಮಾತು ಇದಕ್ಕಿಂತ ಚೆನ್ನಾಗಿ ಬೇರೆಲ್ಲಿಯೂ ಹೊಂದಲಾರದು. ಆ ಒಂದೇ ವರ್ಷದಲ್ಲಿ ಸೊಮಾಲಿಯಾದಲ್ಲಿ ಬರದ ಕಾರಣದಿಂದ ಸುಮಾರು 43,000 ಹೆಚ್ಚುವರಿ ಸಾವುಗಳು ಸಂಭವಿಸಿರಬಹುದು, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು ಎಂದು ನಂತರದ ಅಧ್ಯಯನ ಅಂದಾಜಿಸಿತು. 2010ರಿಂದ 2012ರ ನಡುವಿನ ಕ್ಷಾಮದಲ್ಲಿ ಅಲ್ಲಿ ಸತ್ತವರು ಸುಮಾರು ಎರಡೂವರೆ ಲಕ್ಷ. ಈ ಬಾರಿ ಬರ ಹೆಚ್ಚು ದೀರ್ಘವಾಗಿತ್ತು, ಆದರೂ ನೆರವು ಮೊದಲಿಗಿಂತ ಬೇಗ ತಲುಪಿದ್ದರಿಂದ ಸಾವು ಅಷ್ಟು ಏರಲಿಲ್ಲ. ಮಳೆ ಮಾತ್ರವೇ ಸಾವನ್ನು ನಿರ್ಧರಿಸುವುದಿಲ್ಲ ಎಂಬುದನ್ನು ನಿಮ್ಮ ಪ್ರಬಂಧದಲ್ಲಿ ಈ ಹೋಲಿಕೆಯ ಮೂಲಕ ತೋರಿಸಬಹುದು.

ಉತ್ತರ 2: ಸಿಹಿನೀರು

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಬರ ಮತ್ತು ಚಂಡಮಾರುತಗಳ ಹಾಗೆ ಸುದ್ದಿಯಾಗದ, ಮೈಯೊಳಗೆ ಸದ್ದಿಲ್ಲದೆ ನಡೆಯುವ ಹಾನಿಯನ್ನೂ ನಿಮ್ಮ ಪ್ರಬಂಧ ಒಳಗೊಳ್ಳಬೇಕು. ಸಾರ್ವಜನಿಕ ಆರೋಗ್ಯ ನನ್ನ ಕ್ಷೇತ್ರವಾದ್ದರಿಂದ ಈ ಭಾಗ ನನಗೆ ಹೆಚ್ಚು ಹತ್ತಿರದ್ದು.

ಬಾಂಗ್ಲಾದೇಶದ ನೈಋತ್ಯ ಕರಾವಳಿಯ ಖುಲ್ನಾ, ಸಾತ್‌ಖೀರಾ ಜಿಲ್ಲೆಗಳಲ್ಲಿ ಜನ ಕುಡಿಯುವ ನೀರಿಗೆ ಕೆರೆ, ಬಾವಿ, ನದಿಗಳನ್ನೇ ನಂಬಿದ್ದಾರೆ. 2009ರ ಐಲಾ ಚಂಡಮಾರುತದಲ್ಲಿ ಅಲ್ಲಿನ ಮಣ್ಣಿನ ಏರಿಗಳು ಒಡೆದು, ಕೆಲವು ಕಡೆ ಸಮುದ್ರದ ನೀರು ವರ್ಷ ಕಳೆದರೂ ಊರೊಳಗೇ ನಿಂತಿತ್ತು. ಆ ನೀರು ಇಳಿದ ಮೇಲೂ ಉಪ್ಪು ಮಣ್ಣಿನಲ್ಲಿ, ಕೆರೆಗಳಲ್ಲಿ ಉಳಿಯಿತು. ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿನ ಗರ್ಭಿಣಿಯರು ಕುಡಿಯುವ ನೀರಿನಿಂದಲೇ ದೇಹಕ್ಕೆ ಹೋಗುವ ಉಪ್ಪಿನ ಪ್ರಮಾಣ ಸುರಕ್ಷಿತ ಮಿತಿಯನ್ನು ಮೀರುತ್ತದೆಂದೂ, ಗರ್ಭಾವಸ್ಥೆಯ ಅಧಿಕ ರಕ್ತದೊತ್ತಡಕ್ಕೂ ಅದಕ್ಕೂ ಸಂಬಂಧವಿದೆಯೆಂದೂ ಖುಲ್ನಾದ ದಾಕೋಪ್ ಪ್ರದೇಶದಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಸಿಹಿನೀರು ತರುವ ಹೊಣೆ ಮನೆಯ ಹೆಂಗಸರದ್ದೇ. ಹತ್ತಿರದ ಕೊಳದ ನೀರು ಉಪ್ಪಾದಾಗ ಬಸುರಿ ಹೆಂಗಸು ಕೊಡ ಹೊತ್ತು ಇನ್ನೂ ದೂರ ನಡೆಯಬೇಕು, ಇಲ್ಲವೇ ಉಪ್ಪುನೀರನ್ನೇ ಕುಡಿಯಬೇಕು. ಎರಡೂ ಅವಳ ಮೈಗೇ ಬೀಳುವ ಪೆಟ್ಟು. ಪ್ರಾಮಾಣಿಕವಾಗಿ ಹೇಳುವುದಾದರೆ ಅಲ್ಲಿನ ಉಪ್ಪಿಗೆ ಸಮುದ್ರಮಟ್ಟದ ಏರಿಕೆಯೊಂದೇ ಕಾರಣವಲ್ಲ. ಸೀಗಡಿ ಸಾಕಣೆಗಾಗಿ ಗದ್ದೆಗೆ ಉಪ್ಪುನೀರು ಬಿಟ್ಟದ್ದು, ಮೇಲಿನಿಂದ ಹರಿದುಬರುವ ನದಿನೀರು ಬೇಸಿಗೆಯಲ್ಲಿ ಕಡಿಮೆಯಾದದ್ದು ಕೂಡ ಸೇರಿಕೊಂಡಿವೆ. ಹವಾಮಾನ ಬದಲಾವಣೆ ಯಾವಾಗಲೂ ಹೀಗೆ ಮೊದಲೇ ಇರುವ ಗಾಯದ ಮೇಲೆ ಬರೆ ಎಳೆಯುತ್ತದೆ.

ಇನ್ನೊಂದು ನಿದರ್ಶನ ಮಧ್ಯ ಅಮೆರಿಕದ್ದು. ಎಲ್ ಸಾಲ್ವಡಾರ್ ಮತ್ತು ನಿಕರಾಗುವಾಗಳ ಪೆಸಿಫಿಕ್ ಕರಾವಳಿಯ ಬಯಲುಗಳಲ್ಲಿ ಕಬ್ಬು ಕಡಿಯುವ ಗಂಡಸರು, ಮಧುಮೇಹವಾಗಲಿ ರಕ್ತದೊತ್ತಡವಾಗಲಿ ಇಲ್ಲದಿದ್ದರೂ, ಇಪ್ಪತ್ತು ಮೂವತ್ತರ ಪ್ರಾಯದಲ್ಲೇ ಮೂತ್ರಪಿಂಡ ಕಳೆದುಕೊಂಡು ಸಾಯುತ್ತಿದ್ದಾರೆ. ಸುಡುಬಿಸಿಲಿನಲ್ಲಿ ಬಿಡುವಿಲ್ಲದ ದುಡಿಮೆ ಮತ್ತು ಮತ್ತೆ ಮತ್ತೆ ದೇಹದ ನೀರು ಬತ್ತುವುದು ಇದರ ಮುಖ್ಯ ಕಾರಣಗಳಲ್ಲಿ ಸೇರಿವೆ ಎಂದು ಹೆಚ್ಚಿನ ತಜ್ಞರು ಭಾವಿಸುತ್ತಾರೆ. ಕಡಿದ ಕಬ್ಬಿನ ತೂಕಕ್ಕೆ ತಕ್ಕ ಕೂಲಿ ಎಂಬ ಪದ್ಧತಿಯಲ್ಲಿ ನೆರಳಿಗೆ ಹೋಗಿ ಕುಳಿತ ಪ್ರತಿ ನಿಮಿಷವೂ ಕೂಲಿಯ ನಷ್ಟ. ನೀರು, ನೆರಳು, ವಿರಾಮ ಮೂರನ್ನೂ ಕಡ್ಡಾಯಗೊಳಿಸಿದ ತೋಟಗಳಲ್ಲಿ ಮೂತ್ರಪಿಂಡದ ಹಾನಿ ಇಳಿದಿದೆ. ಬಿಸಿಯ ಕಾರಣದಿಂದ 2030ರಲ್ಲಿ ಜಗತ್ತಿನ ಒಟ್ಟು ದುಡಿಮೆಯ ಗಂಟೆಗಳಲ್ಲಿ ಶೇ. 2.2ರಷ್ಟು, ಅಂದರೆ 8 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮನಾದಷ್ಟು, ನಷ್ಟವಾಗಬಹುದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂದಾಜಿಸಿತ್ತು. ಆ ಅಂಕಿಯನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಮೈಯೊಂದೇ ಬಂಡವಾಳವಾಗಿರುವ ಆ ಕಬ್ಬು ಕಡಿಯುವವರು.

ಉತ್ತರ 3: ಕಡಲಂಚು

ನಿಮ್ಮ ಎರಡನೆಯ ಪ್ರಶ್ನೆಗೆ ಇತಿಹಾಸವೇ ಒಂದು ಜೋಡಿ ಉದಾಹರಣೆಯನ್ನು ಒದಗಿಸಿದೆ. 2007ರ ನವೆಂಬರ್‌ನಲ್ಲಿ ಸಿದ್ರ್ ಚಂಡಮಾರುತ ಬಾಂಗ್ಲಾದೇಶಕ್ಕೆ ಅಪ್ಪಳಿಸಿತು; ಆರು ತಿಂಗಳೂ ಕಳೆಯುವ ಮುನ್ನ, 2008ರ ಮೇ 2ರಂದು, ನರ್ಗಿಸ್ ಚಂಡಮಾರುತ ಮ್ಯಾನ್ಮಾರ್‌ನ ಐರಾವತಿ ಮುಖಜಭೂಮಿಯನ್ನು ಹೊಕ್ಕಿತು. ಎರಡೂ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದವು, ಎರಡೂ ಅತಿ ತೀವ್ರವಾದವು, ಎರಡೂ ತಗ್ಗಾದ, ಜನನಿಬಿಡ, ಬಡ ಕರಾವಳಿಗೆ ಬಡಿದವು. ಮೊದಲನೆಯದರಲ್ಲಿ ಸತ್ತವರು ಸುಮಾರು 3,400. ಎರಡನೆಯದರಲ್ಲಿ ಸತ್ತವರು ಮತ್ತು ಕಾಣೆಯಾದವರು ಸುಮಾರು 1,38,000. ನರ್ಗಿಸ್ ಬರುತ್ತಿರುವ ಸೂಚನೆಯನ್ನು ಭಾರತದ ಹವಾಮಾನ ಇಲಾಖೆ ಮೊದಲೇ ಕೊಟ್ಟಿತ್ತು. ಆದರೆ ಆ ಸೂಚನೆಯನ್ನು ಹಳ್ಳಿಯ ಬಾಗಿಲಿಗೆ ಒಯ್ಯುವ ವ್ಯವಸ್ಥೆ ಇರಲಿಲ್ಲ, ಓಡಿಹೋದರೆ ಹೊಕ್ಕಲು ಗಟ್ಟಿಯಾದ ಆಸರೆಗಳೂ ಇರಲಿಲ್ಲ. ನಂತರ ಬಂದ ಹೊರಗಿನ ನೆರವನ್ನೂ ಅಲ್ಲಿನ ಸೇನಾಡಳಿತ ವಾರಗಟ್ಟಲೆ ತಡೆದು ನಿಲ್ಲಿಸಿತು.

ಬಾಂಗ್ಲಾದೇಶಕ್ಕೆ ಈ ಪಾಠ ಪುಕ್ಕಟೆಯಾಗಿ ಸಿಗಲಿಲ್ಲ. 1970ರ ಚಂಡಮಾರುತದಲ್ಲಿ ಅಲ್ಲಿ ಮೂರರಿಂದ ಐದು ಲಕ್ಷ ಜನ ಸತ್ತರೆಂಬ ಅಂದಾಜಿದೆ. ಆ ಬಳಿಕ ಸರ್ಕಾರ ಮತ್ತು ರೆಡ್ ಕ್ರೆಸೆಂಟ್ ಸಂಸ್ಥೆ ಸೇರಿ ಸ್ವಯಂಸೇವಕರ ಪಡೆಯೊಂದನ್ನು ಕಟ್ಟಿದವು. ಆದರೂ 1991ರಲ್ಲಿ ಮತ್ತೆ ಸುಮಾರು 1,40,000 ಜನ ಪ್ರಾಣ ತೆತ್ತರು, ಅವರಲ್ಲಿ ಹೆಂಗಸರೂ ಮಕ್ಕಳೂ ಬಹಳ. ಎಚ್ಚರಿಕೆ ಕೇಳಿಸಿರಲಿಲ್ಲ ಎಂದಲ್ಲ. ದನಕರುಗಳನ್ನು ಬಿಟ್ಟು ಹೋಗುವುದು ಹೇಗೆ, ಮನೆ ಕಳವಾದರೆ ಏನು ಗತಿ, ಗಂಡಸರು ತುಂಬಿದ ಕೋಣೆಯಲ್ಲಿ ರಾತ್ರಿ ಕಳೆಯುವುದು ಹೇಗೆ ಎಂಬ ಪ್ರಶ್ನೆಗಳು ಹೆಂಗಸರ ಕಾಲನ್ನು ಹೊಸ್ತಿಲಲ್ಲೇ ಹಿಡಿದು ನಿಲ್ಲಿಸಿದ್ದವು. ಮುಂದೆ ಕಟ್ಟಿದ ಆಸರೆಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಕೋಣೆ, ದನಗಳಿಗೆ ಎತ್ತರದ ಮಣ್ಣಿನ ದಿಬ್ಬ ಬಂದವು. ಧ್ವನಿವರ್ಧಕ ಹಿಡಿದು ಮನೆಮನೆಗೆ ಹೋಗುವ ಸ್ವಯಂಸೇವಕರಲ್ಲಿ ಇಂದು ಅರ್ಧದಷ್ಟು ಹೆಂಗಸರೇ ಇದ್ದಾರೆ. 2020ರಲ್ಲಿ, ಕೋವಿಡ್ ನಡುವೆಯೇ, ಅಂಫಾನ್ ಚಂಡಮಾರುತ ಬರುವ ಮುನ್ನ ಅಲ್ಲಿ 20 ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಯಿತು, ಸಾವು ನೂರರೊಳಗೇ ನಿಂತಿತು. ದೇಶ ಶ್ರೀಮಂತವಾಗುವವರೆಗೆ ಕಾಯದೆಯೇ ಇಷ್ಟನ್ನು ಸಾಧಿಸಬಹುದು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಪ್ರಾಣ ಉಳಿದರೂ ಬದುಕು ಉಳಿಯಬೇಕಲ್ಲ. ನಮ್ಮಲ್ಲಿ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ವಿಪತ್ತು ನೆರವಿನ ಹೆಚ್ಚಿನ ಭಾಗ ಇಂದಿಗೂ ಹಾಗೆಯೇ ಬರುತ್ತದೆ. ಇದಕ್ಕೆ ಹೊರತಾದ ಪ್ರಯೋಗವೊಂದು 2020ರ ಜುಲೈನಲ್ಲಿ ಬಾಂಗ್ಲಾದೇಶದ ಜಮುನಾ ನದೀತೀರದಲ್ಲಿ ನಡೆಯಿತು. ನೆರೆಯ ಮುನ್ಸೂಚನೆ ನಿಗದಿತ ಮಟ್ಟ ಮುಟ್ಟಿದ ಕೂಡಲೇ, ನೀರು ತುತ್ತತುದಿಗೆ ಏರುವ ಮೊದಲೇ, 23,000ಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ 4,500 ಟಾಕಾ ಮೊಬೈಲ್ ಮೂಲಕ ಕಳುಹಿಸಲಾಯಿತು. ಹಣ ಸಿಕ್ಕ ಕುಟುಂಬಗಳು, ಸಿಗದ ಕುಟುಂಬಗಳಿಗೆ ಹೋಲಿಸಿದರೆ, ನೆರೆಯ ಕಾಲದಲ್ಲಿ ಇಡೀ ದಿನ ಉಪವಾಸವಿರಬೇಕಾಗಿ ಬಂದ ಸಂಭವ ಶೇ. 36ರಷ್ಟು ಕಡಿಮೆಯಾಗಿತ್ತು. ಮೇಕೆ ಮಾರುವ ಮೊದಲು, ಬಡ್ಡಿಗೆ ಸಾಲ ಎತ್ತುವ ಮೊದಲು ಕೈಗೆ ಬಂದ ಅಷ್ಟು ಸಣ್ಣ ಮೊತ್ತಕ್ಕೆ ಆ ಶಕ್ತಿ ಇತ್ತು.

ಉತ್ತರ 4: ಭಿನ್ನಮತ

ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಭದ್ರತೆ ಎಂಬ ಪದವನ್ನು ಯಾರು, ಎಲ್ಲಿ ಕುಳಿತು ಆಡುತ್ತಾರೆ ಎನ್ನುವುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹವಾಮಾನವನ್ನು ಮೊದಲ ಬಾರಿಗೆ ಚರ್ಚೆಗೆತ್ತಿಕೊಂಡದ್ದು 2007ರ ಏಪ್ರಿಲ್‌ನಲ್ಲಿ. ಮುಂದೆ 2021ರ ಡಿಸೆಂಬರ್‌ನಲ್ಲಿ ಐರ್ಲೆಂಡ್ ಮತ್ತು ನೈಜರ್ ಮಂಡಿಸಿದ ನಿರ್ಣಯಕ್ಕೆ 12 ದೇಶಗಳು ಬೆಂಬಲ ಕೊಟ್ಟರೂ ರಷ್ಯಾದ ವಿಟೊ ಅದನ್ನು ತಡೆಯಿತು. ಭಾರತವೂ ವಿರುದ್ಧವಾಗಿ ಮತ ಹಾಕಿತು, ಚೀನಾ ಮತದಾನದಿಂದ ದೂರ ಉಳಿಯಿತು. ಹವಾಮಾನದ ಪ್ರಶ್ನೆಯನ್ನು ಎಲ್ಲ ದೇಶಗಳಿಗೂ ಸಮಾನ ಧ್ವನಿಯಿರುವ ವೇದಿಕೆಯಿಂದ ಕಿತ್ತು, ಐದು ದೇಶಗಳ ಕೈಯಲ್ಲಿ ವಿಟೊ ಇರುವ ವೇದಿಕೆಗೆ ಒಯ್ಯಬಾರದು ಎಂಬುದು ಭಾರತದ ವಾದವಾಗಿತ್ತು. ನೈಜರ್‌ನಂಥ ಬಾಧಿತ ದೇಶವೇ ನಿರ್ಣಯವನ್ನು ತಂದಿತ್ತು ಎಂಬುದನ್ನು ಗಮನಿಸಿದ ಮೇಲೂ, ಆ ವಾದದಲ್ಲಿ ತಿರುಳಿದೆ ಎಂದು ನಾನು ನಂಬುತ್ತೇನೆ.

ನೀವು ಹೆಸರಿಸಿದ ಎರಡು ಉದಾಹರಣೆಗಳನ್ನು ಎಚ್ಚರದಿಂದ ಬಳಸಿ. ಚಾಡ್ ಸರೋವರ 1960ರ ದಶಕದಿಂದ 1980ರ ದಶಕದ ನಡುವೆ ಸುಮಾರು ಶೇ. 90ರಷ್ಟು ಕುಗ್ಗಿದ್ದು ನಿಜ, ಆದರೆ ಆಮೇಲೆ ಅದು ಕುಗ್ಗುತ್ತಲೇ ಹೋಗಲಿಲ್ಲ, ಸ್ವಲ್ಪ ಮಟ್ಟಿಗೆ ಚೇತರಿಸಿಕೊಂಡಿತು. ಆ ಪ್ರದೇಶದಲ್ಲಿ ಬೊಕೊ ಹರಾಮ್ ಎಂಬ ಉಗ್ರಗಾಮಿ ಸಂಘಟನೆಯ ದಂಗೆ ಹೊತ್ತಿಕೊಂಡದ್ದು 2009ರಲ್ಲಿ. ಸರೋವರ ಬತ್ತಿದ್ದರಿಂದ ದಂಗೆಯಾಯಿತು ಎನ್ನುವವರು ಈ ಕಾಲದ ಅಂತರವನ್ನು ವಿವರಿಸುವುದಿಲ್ಲ. ವಾಸ್ತವವಾಗಿ ದಂಗೆ ಮತ್ತು ಅದನ್ನು ಹತ್ತಿಕ್ಕಲು ಸೇನೆ ಹೇರಿದ ನಿರ್ಬಂಧಗಳೇ ಮೀನುಗಾರರನ್ನು, ರೈತರನ್ನು, ಪಶುಪಾಲಕರನ್ನು ನೀರಿನಿಂದ ದೂರವಿಟ್ಟವು. ಮಳೆಯ ಏರುಪೇರಿಗೆ ತಕ್ಕಂತೆ ಜಾಗ ಬದಲಿಸಿ ಬದುಕುತ್ತಿದ್ದವರಿಗೆ ಆ ಚಲನೆಯೇ ಇಲ್ಲವಾಯಿತು. ಸಿರಿಯಾದಲ್ಲಿ 2006ರಿಂದ 2010ರವರೆಗೆ ತೀವ್ರ ಬರವಿತ್ತು, ಆದರೆ ಅದೇ ಹೊತ್ತಿನಲ್ಲಿ ಸರ್ಕಾರ ಡೀಸೆಲ್ ಮತ್ತು ಗೊಬ್ಬರದ ಸಹಾಯಧನವನ್ನು ಕಡಿತಗೊಳಿಸಿತ್ತು, ಅಂತರ್ಜಲವನ್ನು ದಶಕಗಳಿಂದ ಬರಿದುಮಾಡಲಾಗಿತ್ತು. ಎಲ್ಲವನ್ನೂ ಮಳೆಯ ತಲೆಗೆ ಕಟ್ಟಿದರೆ ಜನರ ಮೇಲೆ ಗುಂಡು ಹಾರಿಸಿದ ಆಡಳಿತದ ಹೊಣೆ ಹಗುರಾಗಿಬಿಡುತ್ತದೆ. ಬಡತನ, ಆರ್ಥಿಕ ಆಘಾತಗಳಂಥ ಮೊದಲೇ ಇರುವ ಕಾರಣಗಳನ್ನು ಹಿಗ್ಗಿಸುವ ಮೂಲಕ ಹವಾಮಾನ ಬದಲಾವಣೆ ಪರೋಕ್ಷವಾಗಿ ಹಿಂಸೆಯ ಅಪಾಯವನ್ನು ಹೆಚ್ಚಿಸಬಲ್ಲದು ಎಂದಷ್ಟೇ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ 2014ರ ವರದಿಯಲ್ಲಿ ಹೇಳಿತು. ಆ ಎಚ್ಚರದ ಮಾತನ್ನು ಮೀರಬೇಡಿ.

ಭದ್ರತೆಯ ಮಾತಾಡಲೇಬೇಕೆಂದರೆ ಸೈನ್ಯದ ಬದಲು ಸಾಲಪತ್ರಗಳನ್ನು ನೋಡೋಣ. 2017ರ ಮಾರಿಯಾ ಚಂಡಮಾರುತ ಡೊಮಿನಿಕಾ ಎಂಬ ಪುಟ್ಟ ದ್ವೀಪರಾಷ್ಟ್ರದ ವಾರ್ಷಿಕ ಆಂತರಿಕ ಉತ್ಪನ್ನದ ಶೇ. 226ರಷ್ಟು ನಷ್ಟವನ್ನು ಒಂದೇ ರಾತ್ರಿಯಲ್ಲಿ ಉಂಟುಮಾಡಿತು. 2022ರ ನೆರೆ ಪಾಕಿಸ್ತಾನದಲ್ಲಿ 3.3 ಕೋಟಿ ಜನರನ್ನು ಬಾಧಿಸಿ 1,700ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ಹಾನಿ ಮತ್ತು ನಷ್ಟ ಸೇರಿ 3,000 ಕೋಟಿ ಡಾಲರ್ ಮೀರಿತು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಆ ದೇಶದ ಪಾಲು ಶೇ. 1ಕ್ಕಿಂತ ಕಡಿಮೆ. ಇಂಥ ದೇಶ ಮುರಿದ ಶಾಲೆ, ಆಸ್ಪತ್ರೆಗಳನ್ನು ಕಟ್ಟಲು ಮತ್ತೆ ಸಾಲ ಮಾಡುತ್ತದೆ, ಹಳೆಯ ಸಾಲದ ಕಂತನ್ನೂ ಕಟ್ಟುತ್ತದೆ. ಗ್ರೆನಡಾ ತನ್ನ ಸಾಲಪತ್ರಗಳಲ್ಲಿ ಚಂಡಮಾರುತ ಬಂದರೆ ಮರುಪಾವತಿಯನ್ನು ಮುಂದೂಡುವ ಷರತ್ತನ್ನು ಸೇರಿಸಿಕೊಂಡಿತ್ತು, 2024ರಲ್ಲಿ ಬೆರಿಲ್ ಚಂಡಮಾರುತ ಬಡಿದಾಗ ಅದನ್ನು ಬಳಸಿತು. ಅಂಥ ಒಂದು ಷರತ್ತು ಹತ್ತು ಭದ್ರತಾ ನಿರ್ಣಯಗಳಿಗಿಂತ ಹೆಚ್ಚು ಜನರನ್ನು ಕಾಯುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಪ್ರಶ್ನೆ ಕೇಳಿದವರಿಂದ: ರಾಜ್ಯಶಾಸ್ತ್ರದ ವಿದ್ಯಾರ್ಥಿನಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಚಾಡ್ ಸರೋವರದ ವಿಷಯದಲ್ಲಿ ನಾನು ಬರೆದಿಟ್ಟಿದ್ದ ಎರಡು ಪುಟಗಳನ್ನು ತೆಗೆದುಹಾಕುತ್ತಿದ್ದೇನೆ. ಇನ್ನೊಂದು ಸಂದೇಹ ಉಳಿದಿದೆ. ಹವಾಮಾನ ನಿರಾಶ್ರಿತರು ಕೋಟಿಗಟ್ಟಲೆಯಾಗಿ ಗಡಿ ದಾಟಿ ಬರುತ್ತಾರೆ ಎಂಬ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಕಾನೂನು ಅವರನ್ನು ಗುರುತಿಸುತ್ತದೆಯೇ?

ಉತ್ತರ 5: ಗುಳೆ

ಗಡಿ ದಾಟುವವರು ಕಡಿಮೆ. 2022ರಲ್ಲಿ ವಿಪತ್ತುಗಳಿಂದಾಗಿ ತಮ್ಮ ದೇಶದೊಳಗೇ 3 ಕೋಟಿ 26 ಲಕ್ಷ ಸ್ಥಳಾಂತರಗಳು ನಡೆದವು, ಅವುಗಳಲ್ಲಿ ಬಹುಪಾಲು ನೆರೆ ಮತ್ತು ಚಂಡಮಾರುತಗಳಿಂದ. ಹಲವರು ಕೆಲವೇ ದಿನಗಳಲ್ಲಿ ಹಿಂತಿರುಗಿದರು. ಕೆಲವರು ವರ್ಷದಲ್ಲಿ ಎರಡು ಮೂರು ಬಾರಿ ಎದ್ದು ಹೊರಟರು, ಹಾಗಾಗಿ ಈ ಸಂಖ್ಯೆ ಸ್ಥಳಾಂತರಗಳದ್ದೇ ಹೊರತು ಜನರದ್ದಲ್ಲ. ಕ್ರಮ ಕೈಗೊಳ್ಳದಿದ್ದರೆ 2050ರ ಹೊತ್ತಿಗೆ ಆರು ಪ್ರದೇಶಗಳಲ್ಲಿ 21.6 ಕೋಟಿ ಜನ ದೇಶದೊಳಗೇ ವಲಸೆ ಹೋಗಬೇಕಾಗಬಹುದೆಂದು ವಿಶ್ವ ಬ್ಯಾಂಕ್ 2021ರಲ್ಲಿ ಅಂದಾಜಿಸಿತು. ಬೇಗ ಎಚ್ಚೆತ್ತರೆ ಇದನ್ನು ಶೇ. 80ರವರೆಗೂ ತಗ್ಗಿಸಬಹುದು ಎಂಬ ಅದೇ ವರದಿಯ ಮಾತನ್ನು ಪತ್ರಿಕೆಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ.

ಗುಳೆ ಹೋಗುವುದು ಯಾವಾಗಲೂ ಸೋಲಲ್ಲ. ಮನೆಯ ಒಬ್ಬರು ನಗರದಲ್ಲಿ ದುಡಿದು ಕಳುಹಿಸುವ ಹಣವೇ ಉಳಿದವರನ್ನು ಊರಿನಲ್ಲಿ ಉಳಿಸುವುದನ್ನು ಬರಪೀಡಿತ ಪ್ರದೇಶಗಳಲ್ಲಿ ನಾವು ಮತ್ತೆ ಮತ್ತೆ ಕಾಣುತ್ತೇವೆ. ನನ್ನನ್ನು ಹೆಚ್ಚು ಕಾಡುವವರು ಹೊರಡಲೂ ಆಗದವರು. ಪ್ರಯಾಣಕ್ಕೆ ಹಣ ಬೇಕು, ಹೋದಲ್ಲಿ ಪರಿಚಯ ಬೇಕು, ಮೈಯಲ್ಲಿ ಕಸುವು ಬೇಕು. ಬರ ಮೊದಲು ತಿಂದುಹಾಕುವುದು ಇವುಗಳನ್ನೇ. ಮುದುಕರು, ಅಂಗವಿಕಲರು, ಸಾಲಕ್ಕೆ ಸಿಕ್ಕಿಬಿದ್ದವರು, ಚಿಕ್ಕ ಮಕ್ಕಳಿರುವ ಒಂಟಿ ತಾಯಂದಿರು ಅಲ್ಲೇ ಉಳಿಯುತ್ತಾರೆ, ಮತ್ತು ಅವರು ಯಾವ ವಲಸೆಯ ಅಂಕಿಯಲ್ಲೂ ಕಾಣಿಸುವುದಿಲ್ಲ.

ಕಾನೂನಿನ ಮಟ್ಟಿಗೆ ಹೇಳುವುದಾದರೆ, 1951ರ ನಿರಾಶ್ರಿತರ ಒಡಂಬಡಿಕೆ ಕಿರುಕುಳಕ್ಕೆ ಹೆದರಿ ಓಡಿದವರಿಗೆ ಮೀಸಲು. ಸಮುದ್ರ ಯಾರನ್ನೂ ಜನಾಂಗ ನೋಡಿ, ಧರ್ಮ ನೋಡಿ ಅಟ್ಟುವುದಿಲ್ಲ. ಆಫ್ರಿಕನ್ ಒಕ್ಕೂಟದ 2009ರ ಕಂಪಾಲ ಒಡಂಬಡಿಕೆ ದೇಶದೊಳಗೆ ನೆಲೆ ತಪ್ಪಿದವರ ರಕ್ಷಣೆಯಲ್ಲಿ ನೈಸರ್ಗಿಕ ವಿಪತ್ತಿನ ಸಂತ್ರಸ್ತರನ್ನೂ ಸೇರಿಸಿಕೊಂಡಿದೆ. ಪೆಸಿಫಿಕ್ ದ್ವೀಪರಾಷ್ಟ್ರ ಕಿರಿಬಾಟಿಯ ಇಯೊಆನೆ ಟೈಟಿಯೊಟಾ ಎಂಬವರನ್ನು ನ್ಯೂಜಿಲೆಂಡ್ ಹಿಂದಕ್ಕೆ ಕಳುಹಿಸಿದ ಪ್ರಕರಣದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಅವರ ದೂರನ್ನು ಎತ್ತಿಹಿಡಿಯಲಿಲ್ಲ. ಆದರೆ ಹವಾಮಾನದ ಕಾರಣದಿಂದ ಜೀವಕ್ಕೇ ಅಪಾಯವಿರುವ ನೆಲಕ್ಕೆ ಯಾರನ್ನೂ ಮರಳಿ ಕಳುಹಿಸಬಾರದೆಂಬ ಹೊಣೆ ರಾಷ್ಟ್ರಗಳ ಮೇಲೆ ಬೀಳಬಹುದು ಎಂದು 2020ರ ಜನವರಿಯಲ್ಲಿ ಹೊರಬಂದ ಆ ತೀರ್ಮಾನ ಒಪ್ಪಿಕೊಂಡಿತು. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹವಾಮಾನದ ವಿಷಯದಲ್ಲಿ ರಾಷ್ಟ್ರಗಳಿಗೆ ಕಾನೂನುಬದ್ಧ ಹೊಣೆಯಿದೆ ಎಂಬ ಸಲಹಾ ಅಭಿಪ್ರಾಯವನ್ನು ಕೊಟ್ಟಿತು. ಆ ಪ್ರಯತ್ನವನ್ನು ಮೊದಲು ಹುಟ್ಟುಹಾಕಿದವರು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಎಂಬುದು ನಿಮಗೆ ಸಂತೋಷ ತರಬಹುದು.

ಪೆಸಿಫಿಕ್‌ನ ಪುಟ್ಟ ದ್ವೀಪರಾಷ್ಟ್ರ ತುವಾಲು ಮತ್ತು ಆಸ್ಟ್ರೇಲಿಯಾ ನಡುವಿನ ಒಪ್ಪಂದವನ್ನೂ ಓದಿ. 2024ರಲ್ಲಿ ಜಾರಿಗೆ ಬಂದ ಅದರ ಪ್ರಕಾರ ವರ್ಷಕ್ಕೆ 280 ಮಂದಿ ತುವಾಲು ಪ್ರಜೆಗಳು ಆಸ್ಟ್ರೇಲಿಯಾದಲ್ಲಿ ನೆಲೆಸಿ ಓದಬಹುದು, ದುಡಿಯಬಹುದು, ಬೇಕೆಂದಾಗ ಊರಿಗೆ ಹೋಗಿ ಬರಬಹುದು. ಆ ದೇಶದ ಒಟ್ಟು ಜನಸಂಖ್ಯೆ ಸುಮಾರು 11,000. ಸಮುದ್ರ ಎಷ್ಟೇ ಏರಿದರೂ ತುವಾಲು ಒಂದು ರಾಷ್ಟ್ರವಾಗಿ ಮುಂದುವರಿಯುತ್ತದೆ ಎಂಬುದನ್ನೂ ಆ ಒಪ್ಪಂದ ಬರಹದಲ್ಲಿ ಮಾನ್ಯಮಾಡಿದೆ.